ಕಾರಿನ ಜಾತಕ ಬೇಡ, ನಾಡಿ ಹಿಡಿದು ನೋಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳ ತೆಗೆಯೋ ಬರಹ. ಯಾರ ಜೊತೆ ಅಂದರೆ, ಕಾರಿನ ಬಾಗಿಲು ತೆಗೆದ ತಕ್ಷಣ ಬಗ್ಗಿ ಓಡೋಮೀಟರ್ ನೋಡಿ "ಅಯ್ಯೋ, ಎರಡು ಲಕ್ಷ ಮೈಲಿ! ಇನ್ನೂ ಇಟ್ಕೊಂಡಿದೀಯಾ?" ಅಂತ ಕಣ್ಣರಳಿಸೋ ಜನರ ಜೊತೆ. ನಾನಿರೋ ಈ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಅಂಥವರಿಗೆ ಬರವಿಲ್ಲ. ಅವರಲ್ಲಿ ಅರ್ಧ ಜನ ನನ್ನ ಗೆಳೆಯರೇ, ಇದನ್ನು ಓದುತ್ತಲೂ ಇರುತ್ತಾರೆ. ಬೈಸಿಕೊಳ್ಳೋಕೆ ತಯಾರಾಗಿ ಸ್ವಾಮಿ :-)

ಮೊದಲು ಆರೋಪಿಯ ಪರಿಚಯ. 1999ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆ ಟಾಪು, ಐದು ಗೇರು, 1.8 ಲೀಟರ್ ಎಂಜಿನ್. 2006ರಲ್ಲಿ 61 ಸಾವಿರ ಮೈಲಿ ಓಡಿದ್ದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡೆ. ಈಗ 2 ಲಕ್ಷ 12 ಸಾವಿರ ಮೈಲಿ ಆಗಿದೆ. ನಮ್ಮೂರ ಲೆಕ್ಕದಲ್ಲಿ 3 ಲಕ್ಷ 41 ಸಾವಿರ ಕಿಲೋಮೀಟರ್. ಚಂದ್ರ ಇರೋದು ಸರಾಸರಿ 3 ಲಕ್ಷ 84 ಸಾವಿರ ಕಿ.ಮೀ. ದೂರದಲ್ಲಿ. ನನ್ನ ಗಾಡಿ ಇನ್ನೂ ಚಂದ್ರನನ್ನೇ ಮುಟ್ಟಿಲ್ಲ, ಆಗಲೇ ಜನ ಅದರ ತಿಥಿಗೆ ಎಳ್ಳು ನೀರು ಹಿಡಿದುಕೊಂಡು ನಿಂತಿದ್ದಾರೆ!

ಸ್ಪೋರ್ಟ್ಸ್ ಕಾರ್ ಅಂದ ಕೂಡಲೇ ಫೆರಾರಿ, ಪೋರ್ಷೆ ಅಂತ ಕಲ್ಪನೆ ಮಾಡಿಕೊಳ್ಳಬೇಡಿ. ಮಿಯಾಟಾ ಬಡವರ ಸ್ಪೋರ್ಟ್ಸ್ ಕಾರು. 1960ರ ದಶಕದಲ್ಲಿ ಇಂಗ್ಲೆಂಡಿನವರು ಎಂಜಿ, ಟ್ರಯಂಫ್, ಲೋಟಸ್ ಅಂತ ಪುಟ್ಟ ಪುಟ್ಟ ತೆರೆದ ಕಾರು ಮಾಡುತ್ತಿದ್ದರು. ಓಡಿಸೋಕೆ ಬಲು ಸೊಗಸು, ಆದರೆ ನಿಲ್ಲಿಸಿದ ಜಾಗದಲ್ಲೆಲ್ಲ ಆಯಿಲ್ ಸೋರಿಸೋದರಲ್ಲಿ ಎತ್ತಿದ ಕೈ. ಅದೇ ಸೊಗಸು ಇರಬೇಕು, ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟೂ ಆಗಬೇಕು ಅಂತ ಜಪಾನಿನ ಮಾಜ್ದಾದವರು ಮಾಡಿದ್ದು ಇದು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಹೊರಬಂತು. ಅದರ ಮುಖ್ಯ ಎಂಜಿನಿಯರ್ ತೊಶಿಹಿಕೊ ಹಿರಾಯ್. ಆ ತಂಡ ಇಟ್ಟುಕೊಂಡ ಮಂತ್ರ "ಜಿನ್ಬಾ ಇತ್ತಾಯ್", ಅಂದರೆ ಸವಾರ ಮತ್ತು ಕುದುರೆ ಒಂದೇ ದೇಹವಾಗಿರೋದು. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಇನ್ನೊಂದಿಲ್ಲ.

ಇರಲಿ, ವಿಷಯಕ್ಕೆ ಬರೋಣ.

ಈ ವರ್ಷ ಕ್ಲಚ್ಚು ಜಾರೋಕೆ ಶುರುವಾಯಿತು. ಜೊತೆಗೆ ಷಾಕ್ ಅಬ್ಸಾರ್ಬರ್ರೂ ಬುಶ್ಶುಗಳೂ ಸವೆದು ರಸ್ತೆಯ ಪ್ರತಿ ಉಬ್ಬಿಗೂ ಕಟಕಟ. ಗ್ಯಾರೇಜಿನವನು ಕೊಟ್ಟ ಎಸ್ಟಿಮೇಟು ಒಟ್ಟು 2,500 ಡಾಲರ್. ಕೊಟ್ಟು ಸುಮ್ಮನಿರಲಿಲ್ಲ, "ಈ ಕಾರು ಮಾರಿದರೆ ಹೆಚ್ಚೆಂದರೆ 3,500 ಬರಬಹುದು, ಯೋಚನೆ ಮಾಡಿ" ಅಂತ ಬಿಟ್ಟಿ ಸಲಹೆಯನ್ನೂ ಕೊಟ್ಟ. ಇದನ್ನು ಗೆಳೆಯರ ಮುಂದೆ ಹೇಳಿದ್ದೇ ತಡ, ಎಲ್ಲರದ್ದೂ ಒಂದೇ ರಾಗ. "3,500ರ ಕಾರಿಗೆ 2,500 ಸುರಿತೀಯಾ ಗುರೂ? ತಲೆ ಕೆಟ್ಟಿದೆಯಾ? ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ತೆಗೆದುಹಾಕಬೇಕು. ಅದು ರೂಲು."

ಯಾರು ಮಾಡಿದ ರೂಲು ಸ್ವಾಮಿ ಇದು? ಯಾವ ಮನುಸ್ಮೃತಿಯಲ್ಲಿದೆ?

ಈ ರೂಲನ್ನು ಕಣ್ಣು ಮುಚ್ಚಿ ಒಪ್ಪಿಕೊಂಡವರೆಲ್ಲ ದಿನಾ ಎಕ್ಸೆಲ್ ಶೀಟ್ ಮುಂದೆ ಕೂರೋ ಜನ ಅನ್ನೋದೇ ನನಗೆ ಆಶ್ಚರ್ಯ. ರಿಪೇರಿ ಖರ್ಚನ್ನು ಕಾರಿನ ಮಾರುಕಟ್ಟೆ ಬೆಲೆ ಜೊತೆ ಹೋಲಿಸೋದೇ ತಪ್ಪು. ನಾನು ಕಾರು ಮಾರೋಕೆ ಹೊರಟಿದ್ದರೆ ಆ ಬೆಲೆ ನನಗೆ ಮುಖ್ಯ. ನಾನು ಓಡಿಸೋಕೆ ಹೊರಟಿದ್ದೇನೆ. ಹಾಗಾಗಿ ನಾನು ಕೇಳಬೇಕಾದ ಪ್ರಶ್ನೆ ಒಂದೇ: ಇನ್ನು ಐದು ವರ್ಷ ಈ ಕಾರನ್ನೇ ಓಡಿಸಿದರೆ ಎಷ್ಟು ಖರ್ಚು, ಇದನ್ನು ಕೊಟ್ಟು ಇನ್ನೊಂದನ್ನು ಓಡಿಸಿದರೆ ಎಷ್ಟು ಖರ್ಚು? ಮನೆ ಸೂರು ಸೋರುತ್ತಿದ್ದರೆ ಹೆಂಚು ಹಾಕಿಸೋ ಖರ್ಚನ್ನು ಹೊಸ ಮನೆ ಖರ್ಚಿನ ಜೊತೆ ತೂಗಿ ನೋಡ್ತೀವಿ. ಹಳೇ ಹೆಂಚು ಸಂತೆಯಲ್ಲಿ ಎಷ್ಟಕ್ಕೆ ಹೋಗುತ್ತೆ ಅಂತ ಯಾರಾದರೂ ಕೇಳ್ತಾರಾ?

ಸರಿ, ಲೆಕ್ಕವನ್ನೇ ಹಾಕೋಣ. ನನ್ನ ಹತ್ತಿರ ಬಿಲ್ಲುಗಳ ಒಂದು ದಪ್ಪ ಫೈಲಿದೆ (ಮನೆಯಾಕೆ ಅದನ್ನು "ಸವತಿಯ ಜಾತಕ" ಅಂತ ಕರೀತಾಳೆ). ಕಳೆದ ಐದು ವರ್ಷದ ಖರ್ಚು ಹೀಗಿದೆ, ಈ ವರ್ಷದ ಎಸ್ಟಿಮೇಟೂ ಸೇರಿ:

ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಸೀಲುಗಳು – 900 ಡಾಲರ್
ಕ್ಲಚ್ಚು ಮತ್ತು ಅದರ ಸಿಲಿಂಡರ್ – 1,200
ಷಾಕ್ ಅಬ್ಸಾರ್ಬರ್, ಬುಶ್ಶುಗಳು – 1,300
ಹೊಸ ಬಟ್ಟೆ ಟಾಪು – 1,100
ನಾಲ್ಕು ಟೈರು – 500
ರೇಡಿಯೇಟರ್ – 350
ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಬ್ಯಾಟರಿ ಇತ್ಯಾದಿ – 870
ಹೊಗೆ ತಪಾಸಣೆ, ಮೂರು ಸಲ – 180

ಒಟ್ಟು 6,400 ಡಾಲರ್. ಐದು ವರ್ಷದ ಕೊನೆಗೆ ಕಾರಿನ ಬೆಲೆ ಸೊನ್ನೆ ಅಂತಲೇ ಹಿಡಿಯಿರಿ. ಇವತ್ತು ಮಾರದೆ ಬಿಟ್ಟ 3,500 ಕೂಡ ಖರ್ಚಿಗೇ ಸೇರಲಿ. 9,900 ಆಯಿತು. ಅಂದರೆ ತಿಂಗಳಿಗೆ 165 ಡಾಲರ್.

ಈಗ ಹೊಸದು. ಮಾಜ್ದಾದವರು ಇವತ್ತಿಗೂ ಮಿಯಾಟಾ ಮಾಡ್ತಾರೆ. ಬೆಲೆ 30 ಸಾವಿರ ಡಾಲರ್ ಆಸುಪಾಸಿನಿಂದ ಶುರು. ತೆರಿಗೆ 2,800 ಕೈಯಿಂದ ಕಟ್ಟಿ, 30 ಸಾವಿರಕ್ಕೆ ಶೇ. 7ರ ಬಡ್ಡಿಯಲ್ಲಿ ಐದು ವರ್ಷದ ಸಾಲ ತೆಗೆದರೆ ತಿಂಗಳ ಕಂತು 594. ಎಲ್ಲ ಸೇರಿ ಕೈಬಿಡೋದು 38 ಸಾವಿರ ಚಿಲ್ಲರೆ. ಐದು ವರ್ಷ ಆದಮೇಲೆ 17 ಸಾವಿರಕ್ಕೆ ಮಾರಿದೆ ಅಂತ ಇಟ್ಟುಕೊಂಡರೂ ನಿವ್ವಳ ಖರ್ಚು 21,400. ಹೊಸದು ಕಮ್ಮಿ ಪೆಟ್ರೋಲ್ ಕುಡಿಯುತ್ತೆ, ನ್ಯಾಯ ನ್ಯಾಯವೇ. ನನ್ನ ಓಡಾಟಕ್ಕೆ ವರ್ಷಕ್ಕೆ ಸುಮಾರು 200 ಡಾಲರ್ ಉಳಿತಾಯ. ಕಳೆದರೆ 20,400. ಸಾಲದ ಕಾರಿಗೆ ಪೂರ್ತಿ ಇನ್ಶೂರೆನ್ಸ್ ಮಾಡಿಸಲೇಬೇಕು, ಅದಕ್ಕೂ ಆಯಿಲ್ಲು, ಟೈರು ಬೇಕು. ಅದನ್ನೆಲ್ಲ ನಾನಿಲ್ಲಿ ಸೇರಿಸಿಯೇ ಇಲ್ಲ.

ಅಂದರೆ ವ್ಯತ್ಯಾಸ ಹತ್ತು ಸಾವಿರ ಡಾಲರಿಗೂ ಮೇಲೆ. ಮಗಳು ಇನ್ನೆರಡು ವರ್ಷಕ್ಕೆ ಕಾಲೇಜು ಸೇರ್ತಾಳೆ. ಇಲ್ಲಿನ ಫೀಸು ಗೊತ್ತಿರೋರಿಗೆ ಹತ್ತು ಸಾವಿರ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. "ಮುಂದಿನ ಐದು ವರ್ಷ ರಿಪೇರಿ ಇನ್ನೂ ಜಾಸ್ತಿ ಬಂದರೆ?" ಅಂತ ಕೇಳ್ತೀರಾ? ಬರಲಿ. ಎರಡರಷ್ಟು ಬರಲಿ. 12,800 ಪ್ಲಸ್ 3,500, ಒಟ್ಟು 16,300. ಆಗಲೂ ಹಳೇದೇ ಅಗ್ಗ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ, ಕಾಫಿ ಕೊಡಿಸ್ತೀನಿ.

"ಹೊಸದು ಯಾಕೆ, ಐದಾರು ವರ್ಷದ ಸೆಕೆಂಡ್ ಹ್ಯಾಂಡ್ ತಗೋ" ಅನ್ನೋರು ಸ್ವಲ್ಪ ಬುದ್ಧಿವಂತರು. ಅವರಿಗೊಂದು ಪ್ರಶ್ನೆ. ನನ್ನ ಕಾರಿನ ಆಯಿಲ್ ಯಾವಾಗ ಬದಲಾಯಿತು, ಬೆಲ್ಟ್ ಯಾವಾಗ ಬದಲಾಯಿತು, ಯಾವ ನಟ್ಟು ಬೋಲ್ಟು ಹಠ ಮಾಡುತ್ತೆ ಅಂತ 2006ರಿಂದ ನನಗೆ ಗೊತ್ತು. ಇನ್ಯಾರೋ ಐದು ವರ್ಷ ಹೇಗೆ ಓಡಿಸಿದ್ದರೋ ಗೊತ್ತಿಲ್ಲದ ಸ್ಪೋರ್ಟ್ಸ್ ಕಾರಿಗೆ, ಅದರಲ್ಲೂ ಯಾವನೋ ಹುಡುಗ ಸಿಗ್ನಲ್ಲು ಸಿಗ್ನಲ್ಲಿಗೂ ಕ್ಲಚ್ಚು ಸುಟ್ಟಿರಬಹುದಾದ ಕಾರಿಗೆ 20 ಸಾವಿರ ಕೊಡೋದು ಯಾವ ಜಾಣತನ? ಪರಿಚಯ ಇರೋ ಮುದುಕನಿಗಿಂತ ಪರಿಚಯ ಇಲ್ಲದ ಯುವಕ ನಂಬಿಕಸ್ಥ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ?

ಈಗ ಮೈಲಿಯ ವಿಷಯ. ಓಡೋಮೀಟರ್ ಹೇಳೋದು ಕಾರು ಎಷ್ಟು ದೂರ ಓಡಿದೆ ಅಂತ ಅಷ್ಟೇ. ಹೇಗೆ ಓಡಿದೆ, ಯಾರು ನೋಡಿಕೊಂಡರು ಅಂತ ಅದು ಹೇಳಲ್ಲ. ಅದು ಕಾರಿನ ಜಾತಕ ಇದ್ದ ಹಾಗೆ. ಜಾತಕ ನೋಡಿ ಆಯುಷ್ಯ ಹೇಳೋರನ್ನು ನಂಬಲ್ಲ ಅನ್ನೋ ವಿಚಾರವಾದಿಗಳೆಲ್ಲ ಓಡೋಮೀಟರ್ ಮುಂದೆ ಮಾತ್ರ ಕೈ ಮುಗೀತಾರೆ!

ಅರ್ವ್ ಗೋರ್ಡನ್ ಅಂತ ಒಬ್ಬರಿದ್ದರು, ನ್ಯೂಯಾರ್ಕಿನ ಲಾಂಗ್ ಐಲೆಂಡಿನವರು. ವಿಜ್ಞಾನದ ಮೇಷ್ಟ್ರು. 1966ರಲ್ಲಿ ಒಂದು ಕೆಂಪು ವೋಲ್ವೋ ಪಿ1800 ತಗೊಂಡರು. ಅದೂ ಸ್ಪೋರ್ಟ್ಸ್ ಕಾರೇ. ಅದರಲ್ಲಿ ಓಡಾಡಿದರು, ಓಡಾಡಿದರು, ಓಡಾಡುತ್ತಲೇ ಇದ್ದರು. 2013ರಲ್ಲಿ ಅಲಾಸ್ಕಾದಲ್ಲಿ ಅದರ ಮೈಲಿ 30 ಲಕ್ಷ ದಾಟಿತು. ಹೌದು, 30 ಲಕ್ಷ ಮೈಲಿ, ಸೊನ್ನೆ ಜಾಸ್ತಿ ಬಿದ್ದಿಲ್ಲ. ಎಂಜಿನ್ ಮೊದಲ ಸಲ ಬಿಚ್ಚಿ ಕಟ್ಟಿಸಿದ್ದೇ 6 ಲಕ್ಷ 80 ಸಾವಿರ ಮೈಲಿಯ ಹೊತ್ತಿಗೆ. 2018ರಲ್ಲಿ ಅವರು ತೀರಿಕೊಂಡರು. ಅವರ ಹತ್ತಿರ ಏನು ಮಂತ್ರವಿತ್ತು? ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸೋದು, ಕಂಪನಿಯವರು ಪುಸ್ತಕದಲ್ಲಿ ಬರೆದಿದ್ದನ್ನು ಪಾಲಿಸೋದು, ಏನಾದರೂ ಸದ್ದು ಬಂದರೆ ಅವತ್ತೇ ನೋಡೋದು. ಅವರಿಗೆ ನನ್ನ ಗೆಳೆಯರು ಸಿಕ್ಕಿದ್ದಿದ್ದರೆ ಎರಡು ಲಕ್ಷಕ್ಕೇ ಮಾರಿಸಿಬಿಡ್ತಿದ್ದರು.

ಇನ್ನೊಂದು ತಮಾಷೆ ಕೇಳಿ. ಓಡದೆ ನಿಂತ ಕಾರು ಓಡಿದ ಕಾರಿಗಿಂತ ಕೆಟ್ಟಿರುತ್ತೆ, ಎಷ್ಟೋ ಸಲ. ರಬ್ಬರ್ ಸೀಲು ಒಣಗಿ ಬಿರುಕು ಬಿಡುತ್ತೆ, ಟ್ಯಾಂಕಿನ ಪೆಟ್ರೋಲು ಹಳಸುತ್ತೆ, ಬ್ರೇಕು ಹಿಡಿದುಕೊಳ್ಳುತ್ತೆ, ಇಲಿ ವೈರು ಕಡಿಯುತ್ತೆ. ಹೈವೇನಲ್ಲಿ ಒಂದೇ ಗೇರಿನಲ್ಲಿ ಬಿಸಿಯಾಗಿ ಓಡಿದ ಲಕ್ಷ ಮೈಲಿಗೂ, ಊರೊಳಗೆ ಎಂಜಿನ್ ಬಿಸಿಯಾಗೋ ಮೊದಲೇ ಆಫ್ ಮಾಡುತ್ತಾ ತೆವಳಿದ ಐವತ್ತು ಸಾವಿರ ಮೈಲಿಗೂ ಹೋಲಿಕೆಯೇ ಇಲ್ಲ. ಮೀಟರಿನಲ್ಲಿ ಎರಡಕ್ಕೂ ಬರೀ ಅಂಕಿ.

ಹಾಗಾದರೆ ನಾಡಿ ನೋಡೋದು ಹೇಗೆ? ನಾನು ನೋಡೋದು ಹೀಗೆ. ಎಂಜಿನ್ನಿನ ನಾಲ್ಕು ಸಿಲಿಂಡರಿಗೂ ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಎದೆ ಗಟ್ಟಿ ಇದೆ ಅಂತ ಅರ್ಥ. ನನ್ನದರಲ್ಲಿ ಮೊನ್ನೆ ಬಂದಿದ್ದು 175, 172, 174, 170. ಆಯಿಲ್ ಎಷ್ಟು ಕುಡಿಯುತ್ತೆ ನೋಡಬೇಕು. ಆಮೇಲೆ ಎಲ್ಲಕ್ಕಿಂತ ಮುಖ್ಯವಾಗಿ ತುಕ್ಕು. ಈ ಕಾರಿನ ಬಟ್ಟೆ ಟಾಪಿನ ನೀರು ಹರಿದುಹೋಗೋಕೆ ಸೀಟಿನ ಹಿಂದೆ ಎರಡು ಕಿಂಡಿಗಳಿವೆ. ತರಗೆಲೆ ಕಸ ತುಂಬಿ ಅವು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಂತು ಒಳಗಿಂದ ತಿನ್ನುತ್ತಾ ಬರುತ್ತೆ. ಹೊರಗಡೆ ಪೇಂಟ್ ಉಬ್ಬೋ ಹೊತ್ತಿಗೆ ಒಳಗೆ ಜಾಲರಿಯಾಗಿರುತ್ತೆ. ಮಿಯಾಟಾಗಳನ್ನು ಕೊಲ್ಲೋದು ಬಹುತೇಕ ಇದೇ ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ಮಿಶಿಗನ್, ಒಹಾಯೋ ಕಡೆ ಅರವತ್ತು ಸಾವಿರ ಮೈಲಿಯ ಕಾರೇ ಹೀಗೆ ಸತ್ತಿರುತ್ತೆ. ಹಿಮವೂ ಇಲ್ಲದ, ಉಪ್ಪೂ ಇಲ್ಲದ ನಮ್ಮ ಕಡೆ ಎರಡು ಲಕ್ಷದ್ದು ಜುಮ್ಮಂತ ಓಡ್ತಾ ಇರುತ್ತೆ. ವಾರಕ್ಕೊಮ್ಮೆ ಆ ಕಿಂಡಿಗೆ ಬೆರಳು ಹಾಕಿ ಕಸ ತೆಗೆಯೋದು, ಐದು ನಿಮಿಷದ ಕೆಲಸ.

ಜಾತಕ-ನಾಡಿ ವ್ಯತ್ಯಾಸ ಸರ್ಕಾರಗಳ ಮಟ್ಟದಲ್ಲೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಕಡ್ಡಾಯ. 1999ರವರೆಗಿನ ಕಾರುಗಳನ್ನು ನಮ್ಮ ಕಡೆ ರೋಲರ್ ಮೇಲೆ ಓಡಿಸಿ, ಸೈಲೆನ್ಸರಿಗೆ ನಳಿಗೆ ಸಿಕ್ಕಿಸಿ ನಿಜವಾಗಿ ಬರೋ ಹೊಗೆಯನ್ನೇ ಅಳೀತಾರೆ. ಪಾಸಾದರೆ ಓಡಿಸು, ಇಲ್ಲದಿದ್ದರೆ ಸರಿ ಮಾಡಿಸು. ಹುಟ್ಟಿದ ವರ್ಷ ಕೇಳಿ ಹೊರಗೆ ಹಾಕಲ್ಲ. ನಮ್ಮ ದೇಶದಲ್ಲಿ? 2018ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಓಡಾಟಕ್ಕೆ ತಡೆ ಹಾಕಿತು. ದೆಹಲಿಯ ಗಾಳಿ ವಿಷವಾಗಿರೋದು ಸುಳ್ಳಲ್ಲ, ಏನಾದರೂ ಮಾಡಲೇಬೇಕಿತ್ತು. ಆದರೆ ಚೆನ್ನಾಗಿ ಇಟ್ಟುಕೊಂಡ 16 ವರ್ಷದ ಕಾರನ್ನೂ, ಕರೀ ಹೊಗೆ ಉಗುಳೋ ಗಾಡಿಯನ್ನೂ ಒಂದೇ ತಕ್ಕಡಿಗೆ ಹಾಕಿದರೆ ಚೆನ್ನಾಗಿ ನೋಡಿಕೊಳ್ಳೋಕೆ ಜನಕ್ಕೆ ಕಾರಣವಾದರೂ ಏನಿರುತ್ತೆ? ನಮ್ಮಲ್ಲಿ ಎಫ್‌ಸಿ ಅನ್ನೋ ಪದ್ಧತಿ ಇದೆ. ಅದನ್ನೇ ಲಂಚ ಇಲ್ಲದೆ ನೆಟ್ಟಗೆ ಮಾಡಿದರೆ ಅರ್ಧ ಸಮಸ್ಯೆ ಪರಿಹಾರ.

ಅಮೆರಿಕದವರೇನೂ ಸಾಚಾ ಅಲ್ಲ ಬಿಡಿ. 2009ರ ಬೇಸಿಗೆಯಲ್ಲಿ ಇಲ್ಲೊಂದು ಯೋಜನೆ ಬಂತು, "ಕ್ಯಾಶ್ ಫಾರ್ ಕ್ಲಂಕರ್ಸ್" ಅಂತ ಜನ ಕರೆದರು. ಹಳೇ ಕಾರು ಕೊಟ್ಟು ಹೊಸದು ತಗೊಂಡರೆ ಸರ್ಕಾರದಿಂದ 3,500 ಅಥವಾ 4,500 ಡಾಲರ್. ಒಟ್ಟು 300 ಕೋಟಿ ಡಾಲರ್ ಇಟ್ಟಿದ್ದರು, ಬಂದ ಹಳೇ ಗಾಡಿಗಳು 6 ಲಕ್ಷ 70 ಸಾವಿರಕ್ಕೂ ಮೇಲೆ. ಅವುಗಳನ್ನು ಏನು ಮಾಡಿದರು ಗೊತ್ತಾ? ಆಯಿಲ್ ಬಸಿದು, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ ಸ್ಟಾರ್ಟ್ ಮಾಡಿ ಬಿಟ್ಟರು. ಕೆಲವೇ ನಿಮಿಷದಲ್ಲಿ ಒಳಗೆಲ್ಲ ಗಾಜಿನಂತೆ ಗಟ್ಟಿಯಾಗಿ ಎಂಜಿನ್ ಹಿಡಿದುಕೊಂಡು ಸಾಯುತ್ತೆ. ಓಡಿಕೊಂಡು ಬಂದ ಗಾಡಿಗಳು ಅವು, ಓಡಿಕೊಂಡು ಬಂದಿರಲೇಬೇಕು ಅಂತಲೇ ನಿಯಮ! ಯೂಟ್ಯೂಬಿನಲ್ಲಿ ಆ ವಿಡಿಯೋಗಳಿವೆ. ಒಂದು ನೋಡಿದೆ, ಎರಡನೇದು ನೋಡೋಕಾಗಲಿಲ್ಲ. ಅಂದ ಹಾಗೆ ನನ್ನ ಮಿಯಾಟಾಕ್ಕೆ ಆ ಯೋಜನೆಯಲ್ಲಿ ಜಾಗ ಇರಲಿಲ್ಲ. ಗ್ಯಾಲನ್ನಿಗೆ 18 ಮೈಲಿ ಅಥವಾ ಅದಕ್ಕಿಂತ ಕಮ್ಮಿ ಕೊಡೋ ಗಾಡಿ ಮಾತ್ರ ಬೇಕಿತ್ತು, ಇದು ಜಾಸ್ತಿ ಕೊಡುತ್ತೆ. ಬದುಕಿಕೊಂಡಿತು.

ಇದೆಲ್ಲದರಲ್ಲಿ ನನಗೆ ನಿಜವಾಗಿ ಸಿಟ್ಟು ಬರೋದು ಎಲ್ಲಿ ಗೊತ್ತಾ? ಹೀಗೆ "ತೆಗೆದುಹಾಕು" ಅನ್ನೋರು ಯಾರು ಅಂತ ನೋಡಿದಾಗ. ನಾವು, ಮೈಸೂರು, ಹಾಸನ, ದಾವಣಗೆರೆಯಿಂದ ಬಂದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿ ಬೈಕುಗಳು ಇವತ್ತಿಗೂ ಓಡ್ತಾ ಇವೆ. ಎರಡೆರಡು ಸೈಲೆನ್ಸರು, ಗೇರು ಹಾಕೋ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯೋದು, ಗೊತ್ತಲ್ಲ. ಕಂಪನಿಯೇ ಇಲ್ಲದ ಗಾಡಿಯನ್ನು ಮೇಸ್ತ್ರಿಗಳು ಹಳೇ ಪಾರ್ಟು ಹುಡುಕಿ, ಇಲ್ಲದ್ದನ್ನು ಲೇತಿನಲ್ಲಿ ಕಡೆದು, ದಶಕಗಟ್ಟಲೆ ಬದುಕಿಸಿಕೊಂಡು ಬಂದರು. ಅಂಥ ಊರಿನಿಂದ ಬಂದ ನಾವು ಸಮುದ್ರ ದಾಟಿದ ಮೇಲೆ ಮೂರು ವರ್ಷದ ಲೀಸ್ ಮುಗಿದ ಕೂಡಲೇ ಮುಂದಿನ ಕಾರಿನ ಬಣ್ಣ ಆರಿಸೋಕೆ ಕೂರ್ತೀವಿ. ಅಮೆರಿಕದ ರಸ್ತೆಯಲ್ಲಿರೋ ಕಾರುಗಳ ಸರಾಸರಿ ವಯಸ್ಸು 2025ರಲ್ಲಿ 12.8 ವರ್ಷ ಅಂತ ಎಸ್ ಅಂಡ್ ಪಿ ಗ್ಲೋಬಲ್ ಮೊಬಿಲಿಟಿಯ ಲೆಕ್ಕ. ಅಂದರೆ ಅಮೆರಿಕದವರೇ ಹಳೇ ಕಾರು ಓಡಿಸ್ತಿದ್ದಾರೆ ಕಣ್ರೀ! ಕನ್ನಡ ಕೂಟದ ಪಾರ್ಕಿಂಗ್ ಲಾಟ್ ನೋಡಿದರೆ ಮಾತ್ರ ಹಾಗನ್ನಿಸಲ್ಲ. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಏನಪ್ಪಾ, ಕೆಲಸ ಗಿಲಸ ಎಲ್ಲ ಸರಿಯಾಗಿದೆ ತಾನೆ?" ಅಂತ ಮೆಲ್ಲಗೆ ವಿಚಾರಿಸಿದರು. ಕಾರು ನೋಡಿ ಬಂದ ಕನಿಕರ ಅದು! ಅವರ ಪ್ರೀತಿಗೆ ನನ್ನ ತಕರಾರಿಲ್ಲ. ಆದರೆ ಹಳೇ ಕಾರು ಅಂದರೆ ಕೈ ಖಾಲಿ ಅನ್ನೋ ಸಮೀಕರಣ ನಮ್ಮ ತಲೆಗೆ ಯಾವಾಗ ಹೊಕ್ಕಿತು? ಕಂತು ಕಟ್ಟುತ್ತಾ ಇರೋನೇ ಸಾಲಗಾರ ಅಲ್ಲವಾ?

ಈಗ ನಾನು ತಲೆಬಾಗೋ ಒಂದೇ ಒಂದು ವಾದ. ಅದು ಗೆಳೆಯರದ್ದಲ್ಲ, ಮನೆಯಾಕೆಯದ್ದು. "ರೀ, ನಿಮ್ಮ ಎಂಜಿನ್ ಗಟ್ಟಿ ಇರಬಹುದು. ಬಾಗಿಲು ಗಟ್ಟಿ ಇದೆಯಾ?" ಅಂತ ಕೇಳಿದಳು. ಇದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇಲ್ಲ. ನನ್ನ ಕಾರಿನಲ್ಲಿ ಮುಂದೆ ಎರಡು ಏರ್‌ಬ್ಯಾಗ್ ಇವೆ, ಪಕ್ಕಕ್ಕೆ ಇಲ್ಲ. ಜಾರಿದಾಗ ಹಿಡಿಯೋ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಅದು ಇಲ್ಲಿ 2012ರ ಮಾಡೆಲಿನಿಂದ ಎಲ್ಲ ಕಾರಿಗೂ ಕಡ್ಡಾಯವಾಗಿದೆ. ಸುತ್ತಲೂ ಓಡಾಡೋ ಪಿಕಪ್ ಟ್ರಕ್ಕುಗಳ ಬಂಪರ್ರು ನನ್ನ ಭುಜದ ಮಟ್ಟಕ್ಕೆ ಬರುತ್ತೆ. ಕಾಲು ಶತಮಾನ ದಾಟಿದ, ಸಾವಿರ ಚಿಲ್ಲರೆ ಕಿಲೋ ತೂಗೋ ಕಾರು ಇವತ್ತಿನ ಕಾರಿನಷ್ಟು ಸುರಕ್ಷಿತ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನೂ ಹೇಳಲ್ಲ.

ಹಾಗಾಗಿ ನಮ್ಮಿಬ್ಬರ ಮಧ್ಯೆ ಒಂದು ಒಪ್ಪಂದವಾಗಿದೆ. ದಿನಾ ಆಫೀಸಿಗೆ, ಮಳೆಗೆ, ರಾತ್ರಿ ಹೈವೇಗೆ ಮನೆಯ ಇನ್ನೊಂದು ಕಾರು. ಮಗಳು ಡ್ರೈವಿಂಗ್ ಕಲಿಯೋದು ಅದರಲ್ಲೇ. ಮಿಯಾಟಾ ಭಾನುವಾರ ಬೆಳಗ್ಗೆಗೆ, ಬೆಟ್ಟದ ರಸ್ತೆಗೆ, ಕಡಲ ತೀರಕ್ಕೆ. ಮನೆಯಲ್ಲಿ ಇದೊಂದೇ ಕಾರು ಇದ್ದಿದ್ದರೆ, ಅಥವಾ ದಿನಾ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಕೂಲಿಗೆ ಹೋಗಬೇಕಿದ್ದರೆ, ನಾನು ಮೇಲೆ ಹಾಕಿದ ಲೆಕ್ಕವನ್ನೆಲ್ಲ ಹರಿದು ಬಿಸಾಕಿ ಇವತ್ತೇ ಮಾರುತ್ತಿದ್ದೆ. ಸುರಕ್ಷತೆಯ ಕಾರಣಕ್ಕೆ ಬದಲಿಸ್ತೀನಿ ಅನ್ನೋರ ಜೊತೆ ನನ್ನ ಜಗಳ ಇಲ್ಲವೇ ಇಲ್ಲ. ಆದರೆ ಪ್ರಾಮಾಣಿಕವಾಗಿ ಹೇಳಿ, ನಿಮ್ಮಲ್ಲಿ ಎಷ್ಟು ಜನ ಆ ಕಾರಣಕ್ಕೆ ಬದಲಿಸಿದ್ದು? ಎಷ್ಟು ಜನ ಪಕ್ಕದ ಮನೆಯವರ ಡ್ರೈವ್‌ವೇ ನೋಡಿ?

ಜಗಳ ಒಂದೇ ಕಡೆ ಆಗಬಾರದು. ನನ್ನ ಪಕ್ಷದಲ್ಲೂ ಹುಚ್ಚರಿದ್ದಾರೆ. ತುಕ್ಕು ಹಿಡಿದು ನೆಲ ಕಾಣೋ ಕಾರಿಗೆ "ಇದು ನಮ್ಮ ಮನೆ ಮಗ" ಅಂತ ಸಾವಿರ ಸಾವಿರ ಸುರಿಯೋರು. "ಇಷ್ಟು ದುಡ್ಡು ಹಾಕಿದ್ದೀನಿ, ಈಗ ಹೇಗೆ ಬಿಡಲಿ?" ಅನ್ನೋದು ಅವರ ವಾದ. ಹಾಕಿದ ದುಡ್ಡು ಹೋಯಿತು ಸ್ವಾಮಿ, ಅದು ಗಂಗೆಗೆ ಬಿಟ್ಟ ನೀರು. ನಾಳೆ ಹಾಕೋ ದುಡ್ಡಿಗೆ ನಾಡಿದ್ದು ಏನು ಸಿಗುತ್ತೆ ಅಂತ ಮಾತ್ರ ನೋಡಬೇಕು. ಗ್ಯಾರೇಜಿನಲ್ಲಿ ಹೊದಿಕೆ ಹಾಕಿ ನಿಲ್ಲಿಸಿ, ವರ್ಷಕ್ಕೆರಡು ಸಲ ಒರೆಸಿ, ಓಡಿಸದೆ ಪೂಜೆ ಮಾಡೋರೂ ಇದ್ದಾರೆ. ಅವರಿಗಿಂತ ಮಾರಿಕೊಂಡೋರೇ ವಾಸಿ, ಕಾರಾದರೂ ರಸ್ತೆ ಕಾಣುತ್ತೆ.

ಆದ್ದರಿಂದ ಯಾವಾಗ ಕೊಡಬೇಕು ಅಂತ ನಾನು ಮೊದಲೇ ಬರೆದಿಟ್ಟಿದ್ದೇನೆ. ಗ್ಯಾರೇಜಿನ ಗೋಡೆ ಮೇಲೆ ಅಂಟಿಸಿದ್ದೇನೆ ಕೂಡ, ಆಮೇಲೆ ನಾನೇ ಮಾತು ಬದಲಿಸಬಾರದಲ್ಲ.

1. ಬಾಗಿಲ ಕೆಳಗಿನ ಪಟ್ಟಿ ಅಥವಾ ಮುಂದಿನ ಚಾಸಿಗೆ ತುಕ್ಕು ತೂತು ಬಿದ್ದರೆ.
2. ಹೊಗೆ ತಪಾಸಣೆ ಫೇಲಾಗಿ, ಎಂಜಿನ್ ಬಿಚ್ಚದೆ ಸರಿಯಾಗಲ್ಲ ಅಂತಾದರೆ.
3. ಒಂದು ವರ್ಷದ ರಿಪೇರಿ, ಹೊಸ ಕಾರಿನ ಒಂದು ವರ್ಷದ ನಿವ್ವಳ ಖರ್ಚನ್ನು (ನನ್ನ ಲೆಕ್ಕದಲ್ಲಿ 4 ಸಾವಿರ ಡಾಲರ್ ಚಿಲ್ಲರೆ) ಎರಡು ವರ್ಷ ಸತತವಾಗಿ ಮೀರಿದರೆ.
4. ಮೂರು ತಿಂಗಳು ಒಂದು ಸಲವೂ ಓಡಿಸಬೇಕು ಅನ್ನಿಸದಿದ್ದರೆ.

ಈ ಪಟ್ಟಿಯಲ್ಲಿ ಮೈಲಿ ಎಲ್ಲೂ ಇಲ್ಲ, ಗಮನಿಸಿ. ಹುಟ್ಟಿದ ವರ್ಷವೂ ಇಲ್ಲ, ನೆಂಟರ ಮುಖವೂ ಇಲ್ಲ.

ಕೊನೆಗೊಂದು ಮಾತು. "ಹೊಸದು ಇನ್ನೂ ಚೆನ್ನಾಗಿರುತ್ತಲ್ಲ" ಅನ್ನೋರಿಗೆ. ಹೌದು, ಚೆನ್ನಾಗಿದೆ, ಓಡಿಸಿ ನೋಡಿದ್ದೇನೆ. 181 ಅಶ್ವಶಕ್ತಿ, ನನ್ನದು 140. ಅಷ್ಟೆಲ್ಲ ತುಂಬಿಯೂ ತೂಕ ನನ್ನ ಕಾರಿನ ಆಸುಪಾಸಿನಲ್ಲೇ ಇಟ್ಟಿದ್ದಾರೆ, ಆ ಎಂಜಿನಿಯರುಗಳಿಗೆ ದೊಡ್ಡ ನಮಸ್ಕಾರ. ಮಾಜ್ದಾದವರೇ ಜಪಾನಿನಲ್ಲಿ ಮೊದಲ ತಲೆಮಾರಿನ ಹಳೇ ಕಾರುಗಳನ್ನು ಬಿಚ್ಚಿ ಹೊಸದರಂತೆ ಮಾಡಿಕೊಡೋ ಕೆಲಸವನ್ನು 2018ರಿಂದ ಶುರು ಮಾಡಿದರು, ನಿಂತುಹೋಗಿದ್ದ ಬಟ್ಟೆ ಟಾಪು, ಟೈರುಗಳನ್ನು ಮತ್ತೆ ಮಾಡಿಸಿದರು. ಹೊಸ ಕಾರು ಮಾರಿ ಬದುಕೋ ಕಂಪನಿಗೇ ಹಳೇ ಕಾರಿನ ಬೆಲೆ ಗೊತ್ತಾಗಿದೆ. ಹೊಸ ಕಾರಿನ ಕಂತನ್ನೂ ಕಟ್ಟದ, ಹಳೇ ಕಾರಿನ ಆಯಿಲ್ಲನ್ನೂ ಮುಟ್ಟದ ನನ್ನ ಗೆಳೆಯರಿಗೆ ಮಾತ್ರ ಗೊತ್ತಾಗಿಲ್ಲ.

ಕ್ಲಚ್ಚು ಬದಲಾಗಿದೆ. ಷಾಕ್ ಅಬ್ಸಾರ್ಬರ್ ಬಂದು ಕೂತಿದೆ. ಕಟಕಟ ನಿಂತಿದೆ. ಚಂದ್ರ ಇನ್ನು 27 ಸಾವಿರ ಮೈಲಿ. ಈಗಿನ ಲೆಕ್ಕದಲ್ಲಿ ಮೂರೂವರೆ ವರ್ಷ ಸಾಕು.

ನಿಮ್ಮ ಗಾಡಿಯ ಮೀಟರ್ ಎಷ್ಟಾಗಿದೆ? ಬೈಕೋ, ಕಾರೋ, ಸ್ಕೂಟರೋ, ಯಾವುದಾದರೂ ಸರಿ. ಯಾಕೆ ಇಟ್ಟುಕೊಂಡಿದ್ದೀರಿ, ಅಥವಾ ಯಾಕೆ ಕೊಟ್ಟಿರಿ, ಬರೆಯಿರಿ. ಜಗಳ ಆಡೋರಿಗೆ ವಿಶೇಷ ಸ್ವಾಗತ. ಒಂದೇ ಷರತ್ತು: ಬರೋವಾಗ ಲೆಕ್ಕ ತಗೊಂಡು ಬನ್ನಿ :-)